ಬ್ಯಾಟರಿಗೆ ಎರಡು ದಾರಿ

೨೦೨೪ನೆಯ ಇಸವಿ. ನನಗೆ ಆಗ ಐವತ್ತೊಂದು ತುಂಬಿ ಐವತ್ತೆರಡು ನಡೆಯುತ್ತಿತ್ತು. ತುಂಬಿದ್ದು ಬೇರೆ, ನಡೆಯುತ್ತಿರುವುದು ಬೇರೆ. ಈ ವ್ಯತ್ಯಾಸವನ್ನು ಕಾರ್ಕಳದ ಸಮೀಪದ ಒಂದು ಪ್ರೌಢಶಾಲೆಯಲ್ಲಿ ವರ್ಷಾನುಗಟ್ಟಲೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದವನಾದ್ದರಿಂದ, ಸ್ವಂತ ವಯಸ್ಸಿನ ವಿಷಯದಲ್ಲೂ ಅದನ್ನು ಬಿಟ್ಟುಕೊಡಲಾರೆ.

ಇದೆಲ್ಲ ಈಗ ನೆನಪಾಗಲು ಕಾರಣ ಒಂದು ರಬ್ಬರ್ ಪಟ್ಟಿ. ಎರಡು ತುದಿಗಳಲ್ಲೂ ತಂತಿಯ ಕೊಕ್ಕೆಯಿರುವ, ಹಲ್ಲಿಯ ಬಾಲದಷ್ಟು ಅಗಲದ ಕರಿಯ ಪಟ್ಟಿ. ಈ ಬೆಳಿಗ್ಗೆ ಅಡುಗೆಮನೆಗೆ ಹೋದಾಗ ನನ್ನ ಹೆಂಡತಿ ಶಾಲಿನಿ ಅದನ್ನು ಕುಚ್ಚಲಕ್ಕಿಯ ಚೀಲದ ಬಾಯಿಗೆ ಬಿಗಿದಿದ್ದಳು. "ಇದು ಬ್ಯಾಟರಿಯದ್ದಲ್ಲವೇ?" ಎಂದೆ. "ಇತ್ತು. ಈಗ ಅಕ್ಕಿಯದ್ದು" ಎಂದಳು. ಸಕಲ ವಸ್ತುಗಳಿಗೂ ಪುನರ್ಜನ್ಮವುಂಟು ಎಂಬುದನ್ನು ಗಲ್ಫಿನ ಅಡುಗೆಮನೆಗಳಷ್ಟು ಚೆನ್ನಾಗಿ ಯಾವ ದರ್ಶನವೂ ಬೋಧಿಸಿಲ್ಲ.

ಬ್ಯಾಟರಿ ಎಂದೆನಲ್ಲ, ನಾನು ಹುಟ್ಟಿ ಬೆಳೆದ ಕಡೆಯಲ್ಲಿ ಆ ಶಬ್ದಕ್ಕೆ ಟಾರ್ಚು ಎಂದೇ ಅರ್ಥ. "ಬ್ಯಾಟ್ರಿ ತಾ" ಎಂದರೆ ಉದ್ದನೆಯ ಹಿತ್ತಾಳೆ ಬಣ್ಣದ ಟಾರ್ಚನ್ನು ತರಬೇಕು. ಒಳಗಿನದ್ದಕ್ಕೆ ಸೆಲ್ಲು ಎಂದು ಹೆಸರು. ಸೆಲ್ಲು ಸೋತು ಬೆಳಕು ಅರಸಿನದ ನೀರಿನಂತಾದಾಗ ಅಪ್ಪ ಅವನ್ನು ಹೊರತೆಗೆದು, ಅಂಗಳದಲ್ಲಿ ಹಪ್ಪಳ ಒಣಗಿಸಿದ ಚಾಪೆಯ ಮೂಲೆಯಲ್ಲಿ ಬಿಸಿಲಿಗಿಡುತ್ತಿದ್ದರು. ಕಾಗೆ ಕಾಯುವ ಕೆಲಸ ನನ್ನದು. ಕಾಗೆಗಳು ಹಪ್ಪಳಕ್ಕೆ ಬಂದರೆ ಕೋಲು ಬೀಸಬೇಕು. ಸೆಲ್ಲುಗಳನ್ನು ಅವು ಮೂಸಿಯೂ ನೋಡುತ್ತಿರಲಿಲ್ಲ. ಸಂಜೆ ಸೆಲ್ಲುಗಳನ್ನು ಮರಳಿ ತುಂಬಿದರೆ ಬೆಳಕು ಒಂದೆರಡು ದಿನದ ಮಟ್ಟಿಗೆ ಚೇತರಿಸಿಕೊಳ್ಳುತ್ತಿತ್ತು. ಬಿಸಿಲಿಗೆ ಬ್ಯಾಟರಿಯನ್ನು ಬದುಕಿಸುವ ಶಕ್ತಿಯಿದೆ ಎಂಬ ನಂಬಿಕೆ ನನ್ನಲ್ಲಿ ಬೇರೂರಿದ್ದು ಹಾಗೆ. ಕತಾರಿನ ಬಿಸಿಲು ಅದನ್ನು ಬೇರುಸಹಿತ ಕಿತ್ತುಹಾಕಿತು. ಇಲ್ಲಿ ಬಿಸಿಲು ಬ್ಯಾಟರಿಯ ನೀರು ಕುಡಿಯುತ್ತದೆ.

ಹಳೆಯ ಮೋಟಾರ್ ಸೈಕಲ್ಲುಗಳ ಬ್ಯಾಟರಿಯನ್ನು ನೋಡಿದವರಿಗೆ ಇದು ತಿಳಿದಿರುತ್ತದೆ. ಅದು ಈಗಿನವುಗಳಂತೆ ಬಾಯಿ ಮುಚ್ಚಿಕೊಂಡು ಕೂತಿರುವ ಜಾತಿಯದ್ದಲ್ಲ. ಹಾಲಿನ ಬಣ್ಣದ ಪೆಟ್ಟಿಗೆ, ಮೈಮೇಲೆ ಮೇಲೊಂದು ಗೆರೆ, ಕೆಳಗೊಂದು ಗೆರೆ; ನೀರು ಆ ಎರಡು ಗೆರೆಗಳ ನಡುವೆ ಇರತಕ್ಕದ್ದು. ಕಡಿಮೆಯಾದರೆ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹುಯ್ಯತಕ್ಕದ್ದು. ಜುಲೈ ತಿಂಗಳಲ್ಲಿ ಅದು ನೀರಡಿಸುವ ವೇಗವನ್ನು ಕಂಡರೆ ಮನೆಯಲ್ಲೊಂದು ಕರು ಕಟ್ಟಿದಂತೆಯೇ ಸರಿ. ಆದರೆ ಕರುವಿನ ಬಾಯಿ ಎದುರಿಗೇ ಇರುತ್ತದೆ. ಈ ಬ್ಯಾಟರಿಯನ್ನು ತಯಾರಕರು ಎಂಥ ಜಾಗದಲ್ಲಿ ಹುದುಗಿಸಿಟ್ಟಿದ್ದರೆಂದರೆ, ಅದರ ಬಳಿಗೆ ಹೋಗುವುದೇ ಒಂದು ಪ್ರಯಾಣ.

ಗಾಡಿ ನನ್ನದಲ್ಲ. ನನಗೆ ದ್ವಿಚಕ್ರ ವಾಹನವೆಂದರೆ ಸೈಕಲ್ಲು ಮಾತ್ರ ಗೊತ್ತು. ಗಾಡಿ ನನ್ನ ಭಾವನದ್ದು. ಸದಾನಂದ ಭಾವ, ಅಂದರೆ ಶಾಲಿನಿಯ ಅಣ್ಣ, ಹಲವು ವರ್ಷಗಳಿಂದ ಇಲ್ಲೊಂದು ಕಂಪೆನಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಹೆಂಡತಿ ಮಕ್ಕಳು ಉಡುಪಿಯಲ್ಲಿ; ತಾನು ದೋಹಾದ ಪಕ್ಕದ ಮುಐದರ್‌ನ ಒಂದು ವಿಲ್ಲಾದಲ್ಲಿ, ಊರಿನವರೇ ನಾಲ್ಕಾರು ಜನರ ಜತೆ ಒಂದು ಕೋಣೆಯಲ್ಲಿ. ಅವರಿಗಿದ್ದ ಒಂದೇ ಷೋಕಿ ಈ ಮೋಟಾರ್ ಸೈಕಲ್ಲು. ಎಂಬತ್ತರ ದಶಕದ ಜಪಾನಿ ಗಾಡಿ, ಎರಡು ಸಿಲಿಂಡರ್, ಕಿಕ್ ಇಲ್ಲ, ಗುಂಡಿ ಒತ್ತಿದರೆ ಮಾತ್ರ ಏಳುತ್ತದೆ. ಯಾರೋ ಮನೆಗೆ ಮರಳುವಾಗ ಬಿಟ್ಟುಹೋದದ್ದನ್ನು ಕೊಂಡು, ಶುಕ್ರವಾರ ಶುಕ್ರವಾರ ಅದರ ಒಂದೊಂದು ಅಂಗವನ್ನೂ ಬಿಚ್ಚಿ ಸೇರಿಸಿ, ಜೀವ ಬರಿಸಿದ್ದರು. ಶುಕ್ರವಾರ ನಸುಕಿನಲ್ಲಿ ರಸ್ತೆಗಳು ಖಾಲಿಯಿರುವಾಗ ಅಲ್ ವಕ್ರಾದ ಕಡಲತಡಿಗೆ ಹೋಗಿ ಒಂದು ಕರಕ್ ಚಹಾ ಕುಡಿದು ಮರಳುವುದು ಅವರ ವಾರದ ಪೂಜೆ.

ಆ ವರ್ಷದ ಏಪ್ರಿಲಿನಲ್ಲಿ ವರ್ಕ್‌ಶಾಪಿನಲ್ಲಿ ಏಣಿಯಿಂದ ಜಾರಿ ಅವರ ಬಲ ಮಣಿಕಟ್ಟು ಮುರಿಯಿತು. ಪ್ಲಾಸ್ಟರಿನೊಂದಿಗೆ ನಮ್ಮ ಐನ್ ಖಾಲಿದ್‌ನ ಮನೆಗೆ ಬಂದರು. ಗಾಡಿಯೂ ಒಂದು ಪಿಕಪ್ಪಿನ ಬೆನ್ನೇರಿ ಬಂದು ನಮ್ಮ ಕಾಂಪೌಂಡಿನ ಶೀಟಿನ ಕೆಳಗೆ ನಿಂತಿತು. ಪ್ಲಾಸ್ಟರು ತೆಗೆದ ಮೇಲೆ ಮೂಳೆ ಕೂಡಿದೆ ಎಂದು ಎಕ್ಸ್‌ರೇ ಹೇಳಿತು. ಬೆರಳುಗಳು ಮಾತ್ರ ಒಪ್ಪಲಿಲ್ಲ. ಮರಗಟ್ಟಿದಂತೆ ಬಿಗಿದುಕೊಂಡವು.

"ಉಪಯೋಗಿಸಬೇಕು, ನೋವಾದರೂ ಉಪಯೋಗಿಸಬೇಕು, ಇಲ್ಲವಾದರೆ ಹೀಗೆಯೇ ಉಳಿದುಬಿಡುತ್ತದೆ" ಎಂದು ವೈದ್ಯರು ಹೇಳಿದ್ದರು. ಹಿಚುಕಲು ಒಂದು ಸ್ಪಂಜಿನ ಚೆಂಡನ್ನೂ ಕೊಟ್ಟಿದ್ದರು. ಭಾವ ಅದನ್ನು ಟಿವಿಯ ಮೇಲಿಟ್ಟರು. ಎಲ್ಲವನ್ನೂ ಎಡಗೈಯಲ್ಲಿ ಮಾಡತೊಡಗಿದರು. ಬಲಗೈ ಮಡಿಲಲ್ಲಿ ಮಲಗಿರುತ್ತಿತ್ತು, ಯಾರೋ ನೋಡಿಕೊಳ್ಳಿ ಎಂದು ಕೊಟ್ಟುಹೋದ ಗಂಟಿನಂತೆ. ಊಟಕ್ಕೆ ನಮ್ಮೊಂದಿಗೆ ಕೂರುವುದನ್ನೂ ಬಿಟ್ಟರು. ಬಂಗುಡೆ ಸಾರು ಅನ್ನವನ್ನು ಎಡಗೈಯಲ್ಲಿ ಚಮಚ ಹಿಡಿದು ತಿನ್ನುವುದನ್ನು ತಂಗಿ ನೋಡಬಾರದೆಂದು ತಟ್ಟೆಯನ್ನು ಕೋಣೆಗೆ ಒಯ್ಯುತ್ತಿದ್ದರು. ಶಾಲಿನಿ ತಟ್ಟೆಯಲ್ಲಿ ಮೀನಿನ ಮುಳ್ಳುಗಳನ್ನು ಮೊದಲೇ ಬಿಡಿಸಿಟ್ಟು ಕೊಡುತ್ತಿದ್ದಳು, ಅಷ್ಟೆ.

ಕಂಪೆನಿಯವರು ಅವರನ್ನು ಸ್ಟೋರಿನಲ್ಲಿ ಕೂರಿಸಿದ್ದರು. ವರ್ಷಾಂತ್ಯದೊಳಗೆ ಕೈ ಸರಿಯಾದರೆ ಹಳೆಯ ಕೆಲಸ, ಇಲ್ಲವಾದರೆ ಊರಿನ ಟಿಕೆಟು. ಇದನ್ನು ಅವರು ನಮಗೆ ಹೇಳಿದ್ದು ಹವಾಮಾನ ಹೇಳುವ ಧ್ವನಿಯಲ್ಲಿ.

ಹೀಗಾಗಿ ಆ ಬೇಸಿಗೆಯಲ್ಲಿ ಬ್ಯಾಟರಿಗೆ ನೀರುಣಿಸುವ ಭಾರ ನನ್ನ ಮೇಲೆ ಬಿತ್ತು. ನಾನಿಲ್ಲಿ ಒಂದು ನಿರ್ಮಾಣ ಕಂಪೆನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಶಾಲಿನಿಗೆ ದೋಹಾದ ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ ಸಿಕ್ಕಿದಾಗ ಮೇಷ್ಟ್ರಗಿರಿ ಬಿಟ್ಟು ಅವಳ ಹಿಂದೆ ಬಂದವನು. ಕಾಗದಗಳನ್ನು ಕ್ರಮವಾಗಿ ಜೋಡಿಸುವವನಿಗೆ ಬೋಲ್ಟುಗಳನ್ನು ಜೋಡಿಸುವುದು ಯಾವ ಮಹಾ? ಗಾಡಿಯ ಕೈಪಿಡಿಯನ್ನು ಹುಡುಕಿ ತೆಗೆದು, ಅದರಲ್ಲಿ ಹೇಳಿದ ಪ್ರಕಾರವೇ ಮೇಲಿನಿಂದ ಇಳಿದೆ. ಮೊದಲು ಸೀಟಿನ ಬೋಲ್ಟುಗಳು, ಸೀಟು. ಅದರ ಕೆಳಗೆ ಟೂಲಿನ ತಟ್ಟೆ, ಅದರ ಬೋಲ್ಟುಗಳು. ಅದರ ಕೆಳಗೆ ಯಾವುದೋ ಕರಿಯ ಡಬ್ಬಿಯನ್ನು ಹಿಡಿದ ಕಬ್ಬಿಣದ ಪಟ್ಟಿ. ಅದನ್ನೂ ಸರಿಸಿದರೆ ಬಾವಿಯ ತಳದಲ್ಲಿ ಬ್ಯಾಟರಿಯ ದರ್ಶನ. ತೆಗೆದ ಬೋಲ್ಟುಗಳು ಬೆರೆಯಬಾರದೆಂದು ಇಡ್ಲಿ ಪಾತ್ರೆಯ ತಟ್ಟೆಗಳ ಗುಳಿಗಳಲ್ಲಿ ಒಂದೊಂದನ್ನೇ ಕ್ರಮಾನುಸಾರ ಇಡುತ್ತಿದ್ದೆ. ಶಾಲಿನಿ ಬೇರೆ ಇಡ್ಲಿ ಪಾತ್ರೆ ತಂದಳು.

ಭಾವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು. ಮೊದಲ ದಿನವೇ ಬಾಯಿಬಿಟ್ಟರು.

"ಎಂತ ಮಾಷ್ಟ್ರೇ, ಬ್ಯಾಟ್ರಿಗೆ ಹೋಗ್ಲಿಕ್ಕೆ ಸೀಟು ಬಿಚ್ಚುವುದಾ? ಅಡಿಗೆಕೋಣೆಗೆ ಹೋಗ್ಲಿಕ್ಕೆ ಮಾಡಿನ ಹಂಚು ತೆಗೆದ ಹಾಗೆ ಆಯ್ತಲ್ಲ ಮಾರಾಯ್ರೇ!"

"ಕೈಪಿಡಿಯಲ್ಲಿ ಹೀಗೇ ಇದೆ ಭಾವ."

"ಅದು ಬರೆದವ ಗಾಡಿ ಬಿಟ್ಟವ ಅಲ್ಲ. ಸೈಡ್ ಕವರ್ ತೆಗೀಬೇಕು. ಪೈಪಿನ ಹಿಂದೆ ಬೆರಳು ಹಾಕಿ ರಬ್ಬರ್ ಪಟ್ಟಿ ಬಿಡಿಸ್ಬೇಕು. ಟ್ರೇ ತನ್ನಷ್ಟಕ್ಕೆ ಹೊರಗೆ ಬರ್ತದೆ. ಒಂದು ಸ್ಪ್ಯಾನರ್ ಬೇಡ."

ನಾನು ಪ್ರಯತ್ನಿಸಿದೆ. ಕವರು ಸುಲಭ, ಮೂರು ಮೂಲೆಗಳಲ್ಲಿ ಮೆಲ್ಲನೆ ಎಳೆದರೆ ರಬ್ಬರಿನ ತೂತುಗಳಿಂದ ಮೊಳೆಗಳು ಕಳಚಿಕೊಳ್ಳುತ್ತವೆ. ಆದರೆ ಚೌಕಟ್ಟಿನ ಪೈಪಿಗೂ ಬ್ಯಾಟರಿಗೂ ನಡುವೆ ಬಿಟ್ಟಿರುವ ಸಂದು ಜಪಾನೀಯರ ಬೆರಳಿಗಾಗಿ ಅಳೆದು ಮಾಡಿದ್ದು. ನನ್ನದೋ ಸೀಮೆಸುಣ್ಣ ಹಿಡಿದು ಹಿಡಿದು ಸೀಮೆಸುಣ್ಣದ ಕಟ್ಟಿನಂತಾದ ಬೆರಳುಗಳು. ಎರಡು ಗೆಣ್ಣು ಒಳಗೆ ಹೋದವು, ಮೂರನೆಯದು ನಿಂತಿತು, ಹಿಂದಕ್ಕೆಳೆದರೆ ಬರಲೊಲ್ಲವು. ಶಾಲಿನಿ ತೆಂಗಿನೆಣ್ಣೆ ತಂದು ಬಿಡಿಸಿದಳು. ಅಂದಿನಿಂದ ನಾನು ಮೇಲಿನ ದಾರಿಯನ್ನು ಬಿಡಲಿಲ್ಲ. ಭಾವನ ಬೆರಳುಗಳಾದರೋ ವೀಳ್ಯದ ಬಳ್ಳಿಯಂತೆ ಉದ್ದ, ತೆಳು. "ನೀವೇ ಒಮ್ಮೆ ತೋರಿಸಿ" ಎಂದರೆ ಬಲಗೈಯನ್ನು ನೋಡಿ, "ಅದು ಈಗ ಖಲಾಸ್" ಎನ್ನುತ್ತಿದ್ದರು.

ಆಗಸ್ಟಿನಲ್ಲಿ ಒಂದು ದಿನ ಅವರು, "ಗಾಡಿ ಕೊಟ್ಟುಬಿಡುವ, ಮಾಷ್ಟ್ರೇ, ತಕ್ಕೊಳ್ಳುವವರು ಯಾರಾದ್ರೂ ಇದ್ರೆ ನೋಡಿ" ಎಂದರು. ಶಾಲಿನಿ ಒಲೆಯ ಮುಂದೆ ನಿಂತವಳು ತಿರುಗಲಿಲ್ಲ. ಆಮೇಲೆ ನನ್ನೊಬ್ಬನ ಬಳಿ ಹೇಳಿದಳು: "ಅಣ್ಣ ಗಾಡಿ ಕೊಟ್ರೆ ಆ ಕೈ ವಾಪಸ್ ಬರುವುದಿಲ್ಲ. ಅದಕ್ಕೆ ಮತ್ತೆ ಬರ್ಲಿಕ್ಕೆ ಏನು ಕಾರಣ ಉಂಟು?" ಲ್ಯಾಬಿನಲ್ಲಿ ಕೆಲಸ ಮಾಡುವವಳು, ಅವಳ ಅನುಮಾನಗಳು ವರದಿಯಾಗಿಯೇ ಹೊರಬೀಳುತ್ತವೆ. ನನಗೂ ಹಾಗೆಯೇ ಅನ್ನಿಸಿತ್ತು. ಆದರೂ ಅವರ ಮಾತಿಗೆ ಇದಿರು ಹೇಳುವುದು ಹೇಗೆ? ಗಾಡಿಯೂ ಅವರದು, ಕೈಯೂ ಅವರದು.

ಗಿರಾಕಿ ಸಿಕ್ಕಿದ. ಬಾಗಲಕೋಟೆಯ ಕಡೆಯ ಬಸವರಾಜ, ತೈಲ ಕಂಪೆನಿಯೊಂದರಲ್ಲಿ ಸುರಕ್ಷತಾ ಅಧಿಕಾರಿ. ಎತ್ತರದ ಆಳು, ಮೊರದಂಥ ಅಂಗೈ, ಹತ್ತು ಜನರಿಗಾಗುವಷ್ಟು ನಗು. ಫೋನಿನಲ್ಲೇ ಷರತ್ತು ಹಾಕಿದ: "ಖಂಡೇಪೂಜಿ ದಿನಾನ ಬರ್ತೀನ್ರಿ ಸರ. ಗಾಡಿ ತಗೊಂಡ್ರ ಅವತ್ತ ತಗೋಬೇಕು, ನಮ್ಮ ಅವ್ವನ ಹುಕುಂ ಐತಿ. ಎಂಜಿನ್ ಸಪ್ಪಳ ಕೇಳತೀನಿ, ಮಾತು ಮುಗಸ್ತೀನಿ. ಇಸ್ತಿಮಾರಾ ಆಮ್ಯಾಲ ನನ್ನ ಹೆಸರಿಗಿ ಮಾಡಸಾಕ ಬರ್ತೈತಿ." ಇಸ್ತಿಮಾರಾ ಎಂದರೆ ಗಾಡಿಯ ನೋಂದಣಿಯ ಕಾರ್ಡು. ಅವನ ಖಂಡೇಪೂಜೆ ನಮ್ಮ ಆಯುಧಪೂಜೆ. ಆ ವರ್ಷ ಅದು ಶುಕ್ರವಾರವೇ ಬಿದ್ದಿತ್ತು. ಪರದೇಶದಲ್ಲಿ ಹಬ್ಬ ರಜೆಯ ದಿನವೇ ಬರುವುದೆಂದರೆ ಲಾಟರಿ ಹೊಡೆದಂತೆ.

ಹಿಂದಿನ ಸಂಜೆ ನಾನು ಗಾಡಿಯನ್ನು ತೊಳೆದು, ಒರೆಸಿ, ಕೀಲಿಯನ್ನು ಕೊನೆಯವರೆಗೆ ತಿರುಗಿಸಿ ತೆಗೆದು, ಮೇಲೆ ಹಳೆಯ ಬೆಡ್‌ಶೀಟು ಹೊದಿಸಿದೆ. ಮಾಡುವುದನ್ನು ಕೊನೆಯವರೆಗೆ ಮಾಡಬೇಕೆಂಬುದು ನನ್ನ ಬೋಧನೆ. ಹಳೆಯ ಗಾಡಿಗಳಲ್ಲಿ ಕೀಲಿಗೆ ಆಫ್ ಆದ ನಂತರ ಇನ್ನೂ ಒಂದು ಮನೆಯಿರುತ್ತದೆಂದೂ, ಅಲ್ಲಿಗೆ ಹೋದರೆ ಕೀಲಿ ಕೈಗೆ ಬಂದರೂ ಹಿಂದಿನ ಕೆಂಪು ದೀಪ ಉರಿಯುತ್ತಲೇ ಇರುತ್ತದೆಂದೂ, ರಸ್ತೆ ಬದಿಯಲ್ಲಿ ನಿಲ್ಲಿಸಿದಾಗ ಕಾಣಲೆಂದು ಅಂಥ ಅನುಕೂಲ ಮಾಡಿದ್ದಾರೆಂದೂ ಆಗ ನನಗೆ ತಿಳಿದಿರಲಿಲ್ಲ. ಬೆಡ್‌ಶೀಟಿನೊಳಗೆ ಅದು ಬೆಳಗಿನವರೆಗೂ ನಿಷ್ಠೆಯಿಂದ ಉರಿಯಿತು.

ಬೆಳಿಗ್ಗೆ ಪೂಜೆ. ಶಾಲಿನಿ ಮಣೆಯ ಮೇಲೆ ಬಾಳೆಯೆಲೆ ಹಾಸಿ ಆಯುಧಗಳನ್ನೆಲ್ಲ ಇಟ್ಟಿದ್ದಳು: ತನ್ನ ಕತ್ತರಿ, ಮೆಟ್ಟುಕತ್ತಿ, ಚೂರಿಗಳು, ಭಾವನ ಸ್ಪ್ಯಾನರುಗಳ ಸಮಸ್ತ ಸಂತಾನ, ಸ್ಕ್ರೂಡ್ರೈವರುಗಳು, ನನ್ನ ಲ್ಯಾಪ್‌ಟಾಪು, ನನ್ನ ಕೆಂಪು ಪೆನ್ನು. ಎಲ್ಲಕ್ಕೂ ಗಂಧ, ಕುಂಕುಮ, ಸೇವಂತಿಗೆ. ಹೀಗೆ ಇಟ್ಟದ್ದನ್ನು ಮರುದಿನ ವಿಜಯದಶಮಿಯ ಪೂಜೆಯಾಗುವವರೆಗೆ ಮುಟ್ಟುವಂತಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಅವುಗಳಿಗೆ ಅದೊಂದು ದಿನದ ರಜೆ. ಪಲ್ಯಕ್ಕೆ ತರಕಾರಿ ಹಿಂದಿನ ದಿನವೇ ಹೆಚ್ಚಿಟ್ಟಾಗಿತ್ತು. ಯಾರು ಎಂಥ ಅಶುದ್ಧ ಕನ್ನಡ ಬರೆದು ಕಳುಹಿಸಿದರೂ ಆ ದಿನ ನಾನು ತಿದ್ದುವಂತಿರಲಿಲ್ಲ. ಲೋಕಕ್ಕೂ ಒಂದು ರಜೆ ಸಿಕ್ಕಂತಾಯಿತು.

ಬಸವರಾಜ ಬಂದ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಪೇಢಾ ಡಬ್ಬಿ. ಅವನ ಕಾರಿನ ಮೂತಿಗೆ ಆಗಲೇ ಕುಂಕುಮ, ಹೂವಿನ ಮಾಲೆ. ನಾನು ಬೆಡ್‌ಶೀಟು ತೆಗೆದೆ. ಭಾವ ಹಿಂದಿನ ದೀಪವನ್ನು ನೋಡಿದರು. ದೀಪ ಕೊನೆಯ ಉಸಿರಿನಂತೆ ಮಿಣುಗಿ ನಂದಿತು.

"ಕೀ ಪಾರ್ಕಿಂಗಿಗೆ ತಿರುಗಿಸಿದ್ದು ಯಾರು?" ಎಂದರು ಭಾವ.

ಆ ಮನೆಯಲ್ಲಿ ಯಾವುದನ್ನಾದರೂ ಕೊನೆಯವರೆಗೆ ತಿರುಗಿಸುವವನು ಒಬ್ಬನೇ.

"ನೂಕೋಣ್ರಿ ಸರ!" ಎಂದ ಬಸವರಾಜ. ಅವನು ಗಾಡಿಯ ಮೇಲೆ ಕೂತ. ನಾನು ಹೊಸ ಪಂಚೆಯನ್ನು ಮೇಲೆತ್ತಿ ಕಟ್ಟಿ ಹಿಂದಿನಿಂದ ನೂಕಿದೆ. ಐನ್ ಖಾಲಿದ್‌ನ ಆ ಗಲ್ಲಿಯಲ್ಲಿ ಶುಕ್ರವಾರ ಬೆಳಿಗ್ಗೆ ಅಂಥ ದೃಶ್ಯ ಹಿಂದೆ ನಡೆದಿರಲಾರದು. ಗಾಡಿ ಗಲ್ಲಿಯ ಕೊನೆಯವರೆಗೆ ಹೋಗಿ ಎರಡು ಬಾರಿ ಕೆಮ್ಮಿ ನಿಂತಿತು. ಮರಳಿ ನೂಕಿಕೊಂಡು ಬರುವಾಗ ನನ್ನ ಸ್ಥಿತಿಯೂ ಅದರದಕ್ಕಿಂತ ಬೇರೆಯಾಗಿರಲಿಲ್ಲ.

"ಕರೆಂಟೇ ಇಲ್ಲದ್ದಕ್ಕೆ ಎಷ್ಟು ನೂಕಿದ್ರೆ ಎಂತ?" ಎಂದರು ಭಾವ ಕುರ್ಚಿಯಿಂದ. "ಬ್ಯಾಟ್ರಿಗೆ ಕೇಬಲ್ ಕೊಡ್ಬೇಕು."

ಕೇಬಲ್ ಬಸವರಾಜನ ಕಾರಿನ ಡಿಕ್ಕಿಯಲ್ಲಿತ್ತು. "ಜ್ಯಾಕು, ಪಾನಾ ಎಲ್ಲಾ ಪೂಜಿಗಿ ಇಟ್ಟೇನ್ರಿ. ಇದೊಂದ ಮರತಿದ್ದೆ ನೋಡ್ರಿ, ಛಲೋ ಆತು!" ಅವನ ಪಾನಾ ಎಂದರೆ ನಮ್ಮ ಸ್ಪ್ಯಾನರು. ಒಂದು ಕಾರಿನ ಬ್ಯಾಟರಿಯಿಂದ ಇನ್ನೊಂದಕ್ಕೆ ಶಕ್ತಿ ಸಾಗಿಸುವ ಆ ಜೋಡಿ ಕೇಬಲ್ಲು ಆಯುಧವೇ ಅಲ್ಲವೇ ಎಂಬ ಪ್ರಶ್ನೆಯನ್ನು ನಾನೆತ್ತಿದೆ. ಶಾಲಿನಿ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟಳು: "ಅದು ಹಗ್ಗ. ಹಗ್ಗಕ್ಕೆ ಪೂಜೆ ಇಲ್ಲ."

"ಹಾಗಾದರೆ ಸರಿ. ಸೀಟಿನ ಬೋಲ್ಟಿಗೆ ಹನ್ನೆರಡನೇ ನಂಬರಿನ ಸ್ಪ್ಯಾನರೊಂದು..." ಎಂದು ನಾನು ಪೂಜೆಯ ಮಣೆಯತ್ತ ನೋಡಿದೆ.

"ಎಂತ? ಅದಕ್ಕೆ ಕುಂಕುಮ ಹಚ್ಚಿ ಆಗಿದೆ!" ಎಂದಳು ಶಾಲಿನಿ.

"ಪಕ್ಕದ ಮನೆಯವರಲ್ಲಿ ಕೇಳಿದರೆ?"

"ಪಕ್ಕದ ಮನೆಯ ಸ್ಪ್ಯಾನರಿಗೆ ಇವತ್ತು ರಜೆ ಇಲ್ವಾ? ಇವತ್ತು ಈ ಮನೆಯಲ್ಲಿ ಯಾರೂ ಬೋಲ್ಟು ತಿರುಗಿಸ್ಲಿಕ್ಕಿಲ್ಲ."

"ಬ್ಯಾಡ್ರಿ ಸರ, ಬ್ಯಾಡ," ಬಸವರಾಜನೂ ಗಾಬರಿಯಾದ. "ಪೂಜಿ ದಿನ ಪಾನಾ ಹಚ್ಚಿದ ಗಾಡಿ ನಾ ತಗೊಳ್ಳಂಗಿಲ್ರಿ. ಅವ್ವ ಮನಿ ಒಳಗ ಕರಕೊಳ್ಳಾಕಿಲ್ಲ."

ಮೇಲಿನ ದಾರಿ ಮುಚ್ಚಿತು. ಉಳಿದದ್ದು ಪಕ್ಕದ ದಾರಿ. ಕವರನ್ನು ನಾನೇ ಕಳಚಿದೆ. ಬೆರಳು ತೂರಿಸುವ ಸರದಿ ಮೊದಲು ಬಸವರಾಜನದು. ಅವನ ಬೆರಳಿನ ತುದಿಯೂ ಆ ಸಂದಿಗೆ ಹಿಡಿಯಲಿಲ್ಲ, ಹೊರಗೇ ಉಳಿಯಿತು. ನನ್ನದು ಪರೀಕ್ಷಿತ ವಿಷಯ. ಕೊನೆಗೆ ಶಾಲಿನಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತಳು. ಅವಳ ಕೈ ಒಳಗೆ ಹೋಯಿತು. ಆದರೆ ಕೊಕ್ಕೆ ಎಲ್ಲಿದೆಯೆಂದು ಕಣ್ಣಿಗೆ ಕಾಣುವಂತಿಲ್ಲ, ಬೆರಳೇ ಹುಡುಕಬೇಕು.

"ಇನ್ನೂ ಒಳಗೆ," ಎಂದರು ಭಾವ.

"ಇಲ್ಲಿ ಎಂತದೋ ವಯರ್ ಸಿಗ್ತದೆ."

"ವಯರ್ ಬಿಡು. ಅದರ ಹಿಂದೆ. ಮೇಲೆ ಅಲ್ಲ ಮಾರಾಯ್ತಿ, ಹಿಂದೆ!"

"ಹಿಂದೆ ಅಂದ್ರೆ ನನ್ನ ಹಿಂದೆಯಾ, ಗಾಡಿಯ ಹಿಂದೆಯಾ?"

"ಗಾಡಿಗೆ ಒಂದೇ ಹಿಂದೆ ಇರುವುದು! ಹಾಂ, ಸಿಕ್ತಾ? ಕೆಳಗೆ ಒತ್ತು. ಎಳೆಯುವುದಲ್ಲ, ಒತ್ತುವುದು. ಎಳೀಬೇಡ ಅಂತ ಹೇಳಿದ್ನಲ್ಲ!"

"ನೋಯ್ತದೆ ಅಣ್ಣ ನಂಗೆ!"

"ಏಳು ಅತ್ಲಾಗಿ."

ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು. ಭಾವ ಬಂದು ಗಾಡಿಯ ಪಕ್ಕದಲ್ಲಿ ಮಂಡಿಯೂರಿ ಕೂತರು. ರೂಢಿಯಂತೆ ಎಡಗೈಯನ್ನು ಚಾಚಿದರು; ಆ ಬದಿಯಿಂದ ಎಡಗೈ ಹೋದರೆ ಮೊಣಕೈ ಸೈಲೆನ್ಸರಿಗೆ ತಾಗುತ್ತದೆ, ಮುಂದೆ ಹೋಗದು. ಆಮೇಲೆ ಬಲಗೈಯನ್ನು ಎತ್ತಿ ಸಂದಿನೊಳಗೆ ಇಟ್ಟರು.

ಶಾಲಿನಿ ಗಾಡಿಯನ್ನು ನೋಡದೆ ಗೋಡೆಯ ಮೇಲಿನ ಎ.ಸಿ.ಯನ್ನು ನೋಡುತ್ತಿದ್ದಳು. ಭಾವನ ಹಣೆಯ ನರ ಉಬ್ಬಿತು, ಕೆಳತುಟಿ ಹಲ್ಲಿನ ನಡುವೆ ಸಿಕ್ಕಿಕೊಂಡಿತು. ಒಮ್ಮೆ ಕೈ ಹೊರಗೆ ಬಂದು, ಮತ್ತೆ ಒಳಗೆ ಹೋಯಿತು. ಬಸವರಾಜ ಕೂಡ ನಗು ನಿಲ್ಲಿಸಿದ್ದ. ವೈದ್ಯರು, ನಾವು, ಆ ಸ್ಪಂಜಿನ ಚೆಂಡು ಎಲ್ಲರೂ ಸೇರಿ ತಿಂಗಳುಗಟ್ಟಲೆ ಬೇಡಿಕೊಂಡರೂ ಒಪ್ಪದ ಬೆರಳುಗಳು, ಕಣ್ಣೆದುರಿಗೇ ಇನ್ನೊಬ್ಬರು ಕೆಲಸವನ್ನು ತಪ್ಪಾಗಿ ಮಾಡುತ್ತಿರುವುದನ್ನು ತಾಳಲಾರದೆ ಎದ್ದಿದ್ದವು. ಈ ಸಂಕಟ ನನಗೆ ಚೆನ್ನಾಗಿ ಗೊತ್ತು. ಅರ್ಧ ಜನ್ಮ ಅದನ್ನೇ ಅನುಭವಿಸಿ ಸಂಬಳ ಪಡೆದವನು ನಾನು. ಅದು ಗುಣಪಡಿಸುವ ಔಷಧವೂ ಆಗಬಲ್ಲದೆಂದು ಮಾತ್ರ ತಿಳಿದಿರಲಿಲ್ಲ.

'ಟಪ್' ಎಂದು ಒಂದು ಸದ್ದು.

"ಬಂತು," ಎಂದರು ಭಾವ. ಕೊಕ್ಕೆ ಕಳಚಿತ್ತು; ಬಿಸಿಲಿಗೆ ಬೆಂದ ಪಟ್ಟಿ ನಡುವೆ ಬಿರುಕುಬಿಟ್ಟು ಅವರ ಬೆರಳಿಗೇ ಸುತ್ತಿಕೊಂಡು ಹೊರಗೆ ಬಂತು. ಟ್ರೇ ಒಂದು ಸಭ್ಯ ಅತಿಥಿಯಂತೆ ತಾನಾಗಿ ಅರ್ಧ ಹೊರಗೆ ಸರಿಯಿತು. ಕೈಪಿಡಿಯ ಮೇಲೆ ನನಗಿದ್ದ ಗೌರವವೂ ಅಷ್ಟೇ ಸರಿಯಿತು.

ಕೇಬಲ್ಲಿನ ತುದಿಗಳಲ್ಲಿ ಮೊಸಳೆಯ ಬಾಯಿಯಂಥ ಚಿಮಟಗಳಿರುತ್ತವಷ್ಟೆ. ಅವುಗಳ ಸ್ಪ್ರಿಂಗು ಬಿಗಿ. ಬಸವರಾಜ ತಾನು ಹಿಡಿಯುತ್ತೇನೆಂದು ಮುಂದೆ ಬಂದ. "ನೀವು ಕಾರ್ ಹತ್ರ ನಿಲ್ಲಿ," ಎಂದರು ಭಾವ. ಬಲಗೈಯಲ್ಲಿ ಹಿಚುಕಿದರು. ಮೊದಲನೆಯ ಸಲ ಜಾರಿತು. "ಇದರ ಅಪ್ಪನಿಗೆ!" ಎಂದರು. ಎಡಗೈಯನ್ನು ಬಲಗೈಯ ಮೇಲಿಟ್ಟು ಇನ್ನೊಮ್ಮೆ ಹಿಚುಕಿದರು. ಕಚ್ಚಿತು. ಎರಡನೆಯದಕ್ಕೆ ಎಡಗೈಯ ಸಹಾಯ ಅರ್ಧದಷ್ಟೇ ಬೇಕಾಯಿತು.

ಗುಂಡಿ ಒತ್ತಿದರು. ಗಾಡಿ ಒಂದು ಬಾರಿ ನಿಟ್ಟುಸಿರಿಟ್ಟು ಎದ್ದಿತು. ಆ ಸದ್ದನ್ನು ನಾನು ವರ್ಣಿಸುವುದಿಲ್ಲ. ಕೇಳಿದವರಿಗೆ ಗೊತ್ತು, ಕೇಳದವರಿಗೆ ಸೈಲೆನ್ಸರಿನ ವಿಷಯದಲ್ಲಿ ಅಲಂಕಾರ ಪ್ರಯೋಗಿಸುವುದು ಹಾಸ್ಯಾಸ್ಪದ. ಶಾಲಿನಿ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಯಾರು ಹತ್ತಬೇಕೆಂದು ಕೇಳುವ ಮೊದಲೇ ಭಾವ ಹತ್ತಿ ಕೂತಿದ್ದರು. ಗಾಡಿ ಒಂದು ಮಾರು ಮುಂದೆ ಹೋಯಿತು. ನಿಂಬೆಹಣ್ಣುಗಳು ಅಪ್ಪಚ್ಚಿಯಾದವು.

"ಸಪ್ಪಳ ಅಂದ್ರ ಹಿಂಗಿರಬೇಕು ನೋಡ್ರಿ!" ಬಸವರಾಜ ತೊಡೆ ತಟ್ಟಿದ. "ಹಂಗಾರ ಮಾತು ಮುಗಸೋಣ್ರಿ?"

ಭಾವ ಎಂಜಿನ್ ನಿಲ್ಲಿಸಲಿಲ್ಲ. ಆಕ್ಸಿಲರೇಟರ್ ಮೇಲಿನ ತಮ್ಮ ಬೆರಳುಗಳನ್ನೇ ನೋಡುತ್ತಾ, "ಬಸವರಾಜ್, ತಪ್ಪು ತಿಳ್ಕೊಳ್ಬೇಡಿ. ಈಗ ಬೇಡ ಮಾರಾಯ್ರೇ" ಎಂದರು.

"ಈಗ ಬ್ಯಾಡ ಅಂದ್ರ, ಯಾವಾಗ್ರಿ?"

"ಅದೇ ನಂಗೂ ಗೊತ್ತಿಲ್ಲ."

ಬಸವರಾಜ ಸೊಂಟದ ಮೇಲೆ ಕೈಯಿಟ್ಟು ಗಾಡಿಯನ್ನೊಮ್ಮೆ, ಭಾವನನ್ನೊಮ್ಮೆ ನೋಡಿದ. "ಅಲ್ರೀ, ಪಂಚೆ ಉಟ್ಟ ಮಾಸ್ತರನ ಕೈಲೆ ನೂಕಿಸಿಕೊಂಡು ಓಣಿ ತುಂಬ ಮೆರವಣಿಗಿ ಹೋದೆ. ಅದೆಲ್ಲಾ ಪುಕ್ಕಟೇನ್ರಿ?" ಎಂದು, ಎಲ್ಲರಿಗಿಂತ ಮೊದಲು ತಾನೇ ನಕ್ಕ. ಅವನ ಮುಖದಲ್ಲಿ ನಿರಾಸೆಯಿರಲಿಲ್ಲ ಎಂದು ಬರೆದರೆ ಸುಳ್ಳಾದೀತು. ಆದರೆ ಊಟಕ್ಕೆ ನಿಂತ. ಭಾವನೂ ತಟ್ಟೆಯನ್ನು ಕೋಣೆಗೆ ಒಯ್ಯದೆ ಅವನ ಪಕ್ಕದಲ್ಲೇ ಕೂತರು. ಹಬ್ಬದ ದಿನವಾದ್ದರಿಂದ ಮೀನಿಲ್ಲ. ಸೌತೆಕಾಯಿ ಸಾಂಬಾರು, ಪಲ್ಯ, ಪಾಯಸ. ಬಲಗೈಯಲ್ಲಿ ಅನ್ನ ಕಲಸಿದರು. ಅಗುಳುಗಳು ಮೇಜಿನ ಮೇಲೆಲ್ಲ ಬಿದ್ದವು. ಶಾಲಿನಿ, "ಇನ್ನೂ ಸ್ವಲ್ಪ ಹಾಕ್ಲಾ?" ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಅಡುಗೆಮನೆಗೆ ಹೋದವಳು ಬಹಳ ಹೊತ್ತು ಬರಲಿಲ್ಲ.

ಕೈ ಅಂದೇ ಸರಿಹೋಯಿತೆಂದು ತಿಳಿಯಬೇಡಿ. ಮರುದಿನ ಮಣಿಕಟ್ಟು ಊದಿಕೊಂಡು ಐಸ್ ಇಡಬೇಕಾಯಿತು. ಆದರೆ ಮುಂದಿನ ವಾರಗಳಲ್ಲಿ ಸಂಜೆ ನಾನು ಕೆಲಸದಿಂದ ಮರಳಿದಾಗಲೆಲ್ಲ ಗಾಡಿಯ ಸೈಡ್ ಕವರು ಕಳಚಿರುತ್ತಿತ್ತು. ಹಳೆಯ ಪಟ್ಟಿಯನ್ನು ಶಾಲಿನಿ ಎತ್ತಿಟ್ಟಿದ್ದಳು, ಅಂಗಡಿಯಿಂದ ಹೊಸ ರಬ್ಬರ್ ಪಟ್ಟಿ ಬಂದಿತ್ತು. ಹೊಸದಾದ್ದರಿಂದ ಮೊದಲಿನದಕ್ಕಿಂತ ಬಿಗಿ. ಅದನ್ನು ಬಿಡಿಸುವುದು, ಬ್ಯಾಟರಿಯನ್ನು ಎಳೆಯುವುದು, ನೀರಿನ ಗೆರೆ ನೋಡುವುದು, ಮತ್ತೆ ತಳ್ಳಿ ಪಟ್ಟಿ ಸಿಕ್ಕಿಸುವುದು. ಅಕ್ಟೋಬರ್ ಕಳೆದು ಬಿಸಿಲು ಇಳಿದು ಬ್ಯಾಟರಿಗೆ ಬಾಯಾರಿಕೆಯೇ ಇಲ್ಲದ ದಿನಗಳವು. "ನೀರು ಸರಿಯಾಗಿಯೇ ಇದೆಯಲ್ಲ ಭಾವ?" ಎಂದೆ ಒಮ್ಮೆ. "ನೋಡಿಟ್ರೆ ಒಳ್ಳೇದು" ಎಂದರು. ಪ್ರತಿದಿನ ನೋಡಿಟ್ಟರು. ನಾನು ಹೆಚ್ಚು ಪ್ರಶ್ನಿಸಲಿಲ್ಲ. ನನ್ನ ಇಡ್ಲಿ ತಟ್ಟೆಗಳು ಕೆಲಸವಿಲ್ಲದೆ ಬಿದ್ದುಕೊಂಡದ್ದರಿಂದ ತುಸು ಬೇಸರವಾಯಿತೆಂಬುದು ನಿಜ.

ಆಮೇಲೆ ಒಂದು ಗುರುವಾರ ಕಂಪೆನಿಯ ವೈದ್ಯರು ಅವರ ಕೈಗೆ ತಮ್ಮ ಕೈ ಕೊಟ್ಟು, "ಒತ್ತಿ" ಎಂದರಂತೆ. ಒತ್ತಿದರು. "ಸಾಕು, ಸಾಕು" ಎಂದು ವೈದ್ಯರೇ ಕೈ ಬಿಡಿಸಿಕೊಂಡರಂತೆ. ಇದನ್ನೂ ಭಾವ ಹವಾಮಾನದ ಧ್ವನಿಯಲ್ಲೇ ಹೇಳಿದರು. ಆದರೆ ಈ ಸಲ ಹವೆ ಚೆನ್ನಾಗಿತ್ತು. ಭಾನುವಾರದಿಂದ ವರ್ಕ್‌ಶಾಪಿಗೆ ಬರಬಹುದು ಎಂದು ಅಪ್ಪಣೆಯಾಗಿತ್ತು.

"ನಾಳೆ ನಾನು ರೂಮಿಗೆ ಹೋಗ್ತೇನೆ," ಎಂದರು.

"ಇನ್ನೊಂದು ವಾರ ಇರು ಅಣ್ಣ. ಇವರು ಕಾರಲ್ಲಿ ಬಿಡ್ತಾರೆ."

"ಕಾರಲ್ಲಿ ಯಾಕೆ? ಗಾಡಿ ಇಲ್ವಾ?"

ಮರುದಿನ ಬೆಳಿಗ್ಗೆ ಅವರು ಹೆಲ್ಮೆಟ್ಟು ಹಾಕಿಕೊಂಡು ಹೊರಟರು. ಅವರಿಗೆ ತಿಳಿಯದಂತೆ ನಾವಿಬ್ಬರೂ ಕಾರಿನಲ್ಲಿ ಹಿಂಬಾಲಿಸಿದೆವು. ಎಡವಟ್ಟಾದರೆ ಇರಲಿ ಎಂದು ಶಾಲಿನಿ ಬ್ಯಾಂಡೇಜು, ಐಸು, ನೀರು, ಎರಡು ಬಾಳೆಹಣ್ಣು ತೆಗೆದುಕೊಂಡಿದ್ದಳು. ಗಾಳಿ ತಂಪಾಗಿತ್ತು, ರಸ್ತೆ ಖಾಲಿಯಿತ್ತು. ಗಾಡಿ ಒಂದೇ ಸಮನೆ, ನೇರವಾಗಿ, ಹೇಳಿಕೊಡಬೇಕಾದ ಒಂದು ತಪ್ಪೂ ಇಲ್ಲದೆ ಓಡಿತು. ಒಂದು ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ನಮ್ಮ ಕಾರು ಸರಿಯಾಗಿ ಅವರ ಪಕ್ಕದಲ್ಲೇ ಹೋಗಿ ನಿಂತಿತು. ಭಾವ ಹೆಲ್ಮೆಟ್ಟಿನ ಗಾಜನ್ನು ಮೇಲೆತ್ತಿ ನಮ್ಮಿಬ್ಬರನ್ನೂ ನೋಡಿದರು.

"ಎಂತ, ಮೆರವಣಿಗೆಯಾ?" ಎಂದರು. "ಮನೆಗೆ ಹೋಗಿ ಮಾಷ್ಟ್ರೇ. ಗಾಡಿ ನಾನು ಬಿಡ್ತೇನೆ. ಯಲ್ಲಾ, ಹೊರಡಿ!"

ಹಸಿರು ಬಿತ್ತು. ಗಾಡಿ ಮುಐದರ್ ಕಡೆಗೆ ತಿರುಗಿತು. ನಾನು ಇಂಡಿಕೇಟರ್ ಹಾಕಿ, ಮುಂದಿನ ತಿರುವಿನಲ್ಲಿ ಕಾರನ್ನು ಹಿಂದಿರುಗಿಸಿದೆ; ಶಾಲಿನಿ ಒಂದು ಬಾಳೆಹಣ್ಣು ಸುಲಿದು ನನ್ನ ಕೈಗೆ ಕೊಟ್ಟಳು. ಅಂದು ೨೦೨೪ನೆಯ ಇಸವಿ ನವೆಂಬರ್ ತಿಂಗಳ ಇಪ್ಪತ್ತೆರಡನೆಯ ತಾರೀಖು, ಶುಕ್ರವಾರ.